ನೀರು ಕಾದ ಸುದ್ದಿ

ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ. ಪಾಠ ಮಾಡುವಾಗಲೂ ಕ್ಲಾಸಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಾಳೆ. ಅಂಥವಳು ಆ ವರ್ಷ ಪ್ರತಿ ಗುರುವಾರ ಕೋಲಾರದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಬೇಕಾಯಿತು. ಅಪ್ಪನ ಮಾತು ಹೋಗಿತ್ತು.

ಅಪ್ಪನ ಬಗ್ಗೆ ಬರೆಯುವಾಗ ಬಹುವಚನ ಹಚ್ಚಬೇಕೋ ಬೇಡವೋ ಎಂದು ಈ ಸಾಲನ್ನೇ ಎರಡು ಸಲ ಹೊಡೆದುಹಾಕಿದೆ. ಮನೆಯಲ್ಲಿ ‘ನಾಯ್ನಾ’ ಎಂದು ಏಕವಚನದಲ್ಲೇ ಮಾತಾಡಿಸುವುದು; ಹಾಗೇ ಬರೆಯುತ್ತೇನೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಬೇನಿಷಾ, ಬಾದಾಮಿ, ತೋತಾಪುರಿ ರಾಶಿಗಳ ನಡುವೆ ನಿಂತು ತೆಲುಗು, ಕನ್ನಡ, ಉರ್ದು, ಚೂರು ತಮಿಳು ಎಲ್ಲವನ್ನೂ ಒಂದೇ ಉಸಿರಿಗೆ ಕಲಸಿ ಕೂಗುತ್ತಿದ್ದ. ಮುಳಬಾಗಿಲಿನ ವ್ಯಾಪಾರಿಗೆ ಒಂದು ಭಾಷೆ, ಮಾಲೂರಿನಿಂದ ಬಂದವನಿಗೆ ಇನ್ನೊಂದು. ಯಾರಿಗೆ ‘ಬಾ’ ಅನ್ನಬೇಕು, ಯಾರಿಗೆ ‘ಬನ್ನಿ’ ಅನ್ನಬೇಕು ಎಂಬುದರಲ್ಲಿ ಒಂದು ದಿನವೂ ತಪ್ಪಿದವನಲ್ಲ. ಅವನ ಗಂಟಲು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಸೀಜನ್ನಿನ ನಟ್ಟನಡುವೆ ಒಂದು ಬೆಳಿಗ್ಗೆ ಕೂಗುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದನಂತೆ. ಲಕ್ವ ಹೊಡೆದಿತ್ತು. ಮಂಡಿಯವರೇ ಎತ್ತಿಕೊಂಡು ಕೋಲಾರಕ್ಕೆ ಹೋದರು. ನಾನು ಸ್ಕೂಲಿನಿಂದ ಓಡಿದೆ. ಜೀವ ಉಳಿಯಿತು. ಕೆಲವು ವಾರಗಳಲ್ಲಿ ಕೋಲು ಹಿಡಿದು ನಡೆಯುವಂತಾದ, ಬಲಗೈ ತಟ್ಟೆಯವರೆಗೆ ಏಳತೊಡಗಿತು. ಮಾತು ಮಾತ್ರ ಅಲ್ಲೇ ನಿಂತಿತ್ತು.

ಪೂರ್ತಿ ಹೋಗಿದ್ದರೆ ಒಂದು ಲೆಕ್ಕ. ವಸ್ತುಗಳ ಹೆಸರು ಬರುತ್ತಿತ್ತು: ಚೊಂಬು, ಟವೆಲ್ಲು, ಕಾಯಿ. ಬಾರದೆ ಇದ್ದದ್ದು ಕ್ರಿಯಾಪದ, ಅದರಲ್ಲೂ ಅದರ ಬಾಲ. ‘ಬರ್ತಾ… ಬರ್ತಾ…’ ಎಂದು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದ. ಬರ್ತೀನಿ ಎಂದೋ, ಬರ್ತಾಳೆ ಎಂದೋ, ಬರ್ತಾರೆ ಎಂದೋ? ನಮ್ಮ ಭಾಷೆಗಳಲ್ಲಿ ಯಾರು ಬರುತ್ತಾರೆ, ಒಬ್ಬರೋ ಹತ್ತು ಜನವೋ ಎಂಬ ಸಂಗತಿಯೆಲ್ಲ ಆ ಬಾಲದಲ್ಲೇ ಇರುವುದು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಅದನ್ನೇ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಉಪಾಧ್ಯಾಯಿನಿ ಅನ್ನಿಸಿಕೊಂಡವಳು ನಾನು. ಮಕ್ಕಳು ‘ಅವರು ಬಂದನು’ ಎಂದು ಬರೆದರೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಈಗ ನನ್ನಪ್ಪ ‘ಬರ್ತಾ’ ಎಂದು ನಿಲ್ಲಿಸಿ, ನನ್ನ ಮುಖ ನೋಡಿ, ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದ. ನಾನು ಅಡುಗೆಮನೆಗೂ ಬೀದಿಬಾಗಿಲಿಗೂ ತಿರುಗುತ್ತಿದ್ದೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರು ಮೈಸೂರು ಕಡೆಯ ಹುಡುಗಿ. ನನ್ನ ಅರ್ಧ ವಯಸ್ಸು, ನನ್ನ ಎರಡರಷ್ಟು ತಾಳ್ಮೆ. ಮೊದಲ ದಿನ ಅಪ್ಪನಿಗೆ ಒಂದರಿಂದ ಹತ್ತು ಎಣಿಸಲು ಹೇಳಿದಳು. ಅಪ್ಪ ತಡವರಿಸದೆ ‘ಲಾಭ, ರೆಂಡು, ಮೂಡು, ನಾಲುಗು’ ಎಂದು ಬಡಬಡ ಹೇಳಿಬಿಟ್ಟ. ಅವಳು ಕಂಗಾಲಾಗಿ ನನ್ನ ಕಡೆ ನೋಡಿದಳು. ಮಂಡಿಯಲ್ಲಿ ಬುಟ್ಟಿ ಎಣಿಸುವಾಗ ಯಾರೂ ಒಂದು ಅನ್ನುವುದಿಲ್ಲ, ಶುಭವಾಗಲಿ ಎಂದು ಲಾಭ ಅಂತಲೇ ಶುರು ಮಾಡುತ್ತಾರೆ ಎಂದು ವಿವರಿಸಿದೆ. ಅವಳು ನಕ್ಕು ಬರೆದುಕೊಂಡಳು. ರೂಢಿಯಿಂದ ಬಾಯಿಗೆ ಅಂಟಿಕೊಂಡದ್ದು ಹೋಗಿಲ್ಲ, ಅದು ಒಳ್ಳೆಯ ಲಕ್ಷಣ ಅಂದಳು. ಆ ಮಾತನ್ನು ನಾನು ಕಿವಿಯಲ್ಲಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ಆಮೇಲೆ ಅವಳು ಹೇಳಿದ್ದು ಮಾತ್ರ ಎದೆಗೆ ಹತ್ತಿಕೊಂಡಿತು.

“ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟು ಬೇಗ ಬರ್ಸ್ಕೋಬೇಕು ಮೇಡಂ. ತಡ ಆದಷ್ಟೂ ಕಷ್ಟ. ದಿನದಲ್ಲಿ ಇವರ ಜೊತೆ ಜಾಸ್ತಿ ಹೊತ್ತು ಇರೋರು ಯಾರು?”

“ನಮ್ಮಮ್ಮ.”

“ಹಾಗಾದ್ರೆ ಅವರೇ ಮಾಡಿಸ್ಬೇಕು. ಮುಖಕ್ಕೆ ಮುಖ ಕೊಟ್ಟು, ನೇರವಾಗಿ, ಚಿಕ್ಕ ಚಿಕ್ಕ ಮಾತು. ಏಳು, ಕೂತ್ಕೋ, ತಿನ್ನು. ಆಮೇಲೆ ಈ ಹಾಳೇಲಿರೋದು.”

ಹಾಳೆಯಲ್ಲಿ ಮೂರು ಸಾಲು: ನಾನು ಬರ್ತೀನಿ, ನಾವು ಬರ್ತೀವಿ. ನೀನು ಬರ್ತೀಯ, ನೀವು ಬರ್ತೀರಿ. ಅವನು, ಅವಳು, ಅವರು. ನನಗೆ ನಗು ಬಂತು. ಊರಿನ ಮಕ್ಕಳಿಗೆಲ್ಲ ಹಂಚಿದ್ದು ತಿರುಗಿ ನನ್ನ ಮನೆ ಬಾಗಿಲಿಗೇ ಬಂದಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೇ ಕಲಿಸಿದವಳು, ನಮ್ಮಮ್ಮನಿಗೆ ಕಲಿಸಲಾರೆನಾ ಎಂದುಕೊಂಡು ಬಸ್ಸು ಹತ್ತಿದೆ. ಬಸ್ಸು ಅರ್ಧ ದಾರಿಗೆ ಬರುವಷ್ಟರಲ್ಲಿ ಕಷ್ಟ ಏನೆಂದು ಹೊಳೆಯಿತು. ನಮ್ಮಮ್ಮ ನಮ್ಮಪ್ಪನನ್ನು ಇದುವರೆಗೆ ಒಂದು ಸಲವೂ ನೇರವಾಗಿ ಮಾತಾಡಿಸಿದವಳಲ್ಲ.

ಜಗಳವಾಡಿ ಮಾತು ಬಿಟ್ಟದ್ದಲ್ಲ. ಅವರಿಬ್ಬರಷ್ಟು ಮಾತಾಡುವ ಗಂಡ ಹೆಂಡತಿ ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಅಮ್ಮ ‘ನೀನು’ ಅನ್ನಳು, ‘ನೀವು’ ಅನ್ನಳು. ಯಲ್ದೂರಿನ ಅವಳ ತವರಿನಲ್ಲಿ ಹೆಂಗಸರು ಗಂಡನ ಹೆಸರು ಹೇಳದಿರುವುದಷ್ಟೇ ಅಲ್ಲ, ಗಂಡನನ್ನು ಎದುರಿಗಿಟ್ಟುಕೊಂಡು ಕ್ರಿಯಾಪದ ಹೇಳುವುದೂ ಇಲ್ಲ. ಮನೆಯಲ್ಲಿ ನಾವಾಡುವುದು ತೆಲುಗು, ಗಡಿ ಆಚೆಯವರು ಕೇಳಿದರೆ ಇದು ಯಾವ ತೆಲುಗು ಎಂದು ನಗುವಂಥ ತೆಲುಗು. ಇಲ್ಲಿ ಬಹುಪಾಲು ಕನ್ನಡಕ್ಕೆ ತಂದು ಬರೆದಿದ್ದೇನೆ. ಆ ತೆಲುಗಿನಲ್ಲಿ ಅಮ್ಮ ವಸ್ತುಗಳ ಸುದ್ದಿ ಹೇಳುತ್ತಾಳೆ, ಅಷ್ಟೇ. ‘ನೀಳ್ಳು ಕಾಗಿನಾಯಿ’, ನೀರು ಕಾದಿವೆ, ಎಂದು ಬಚ್ಚಲ ಒಲೆಯ ಮುಂದೆ ನಿಂತು ಮನೆಗೆಲ್ಲ ಕೇಳುವ ಹಾಗೆ ಸಾರುತ್ತಾಳೆ. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಏಳುತ್ತಾನೆ. ‘ಅನ್ನಂ ಉಡಿಕಿಂದಿ’ ಎಂದರೆ ಅನ್ನ ಬೆಂದಿದೆ, ತಟ್ಟೆ ಮುಂದೆ ಬಾ ಎಂದು. ಕೋಪ ಬಂದರೆ ಹಸುವಿನ ಹತ್ತಿರ ಹೋಗಿ, “ಕೆಲವರಿಗೆ ಹೇಳಿದ್ದು ಕಿವಿಗೆ ಬೀಳಲ್ಲ ನೋಡೇ” ಅನ್ನುತ್ತಾಳೆ. ಅಪ್ಪನೂ ಅದೇ ಹಸುವಿಗೆ ಉತ್ತರ ಕೊಡುತ್ತಾನೆ. ನಮ್ಮ ಹಸುವಿಗೆ ಗೊತ್ತಿರುವ ಮನೆ ಗುಟ್ಟು ನನಗೂ ಗೊತ್ತಿಲ್ಲ.

ಆ ತೆಲುಗಿನ ಮೇಲೆ ನನಗೆ ಚಿಕ್ಕಂದಿನಿಂದ ಸಿಟ್ಟಿತ್ತು. ಅದರಲ್ಲಿ ನೀರು ಬಹುವಚನ, ಹಾಲೂ ಬಹುವಚನ. ಒಂದು ಚೊಂಬು ನೀರಿಗೆ ಅಷ್ಟು ಮರ್ಯಾದೆ. ಅಮ್ಮ ಬಂದರೆ ‘ವಚ್ಚಿಂದಿ’, ಅಂದರೆ ಬಂತು; ಹಸು ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ಅದೇ. ನಾಲ್ಕು ಹೆಂಗಸರು ಒಟ್ಟಿಗೆ ಬಂದಾಗಷ್ಟೇ ಮನುಷ್ಯರ ಸಾಲಿಗೆ ಸೇರಿ ‘ವಚ್ಚಿನಾರು’ ಆಗುತ್ತಾರೆ. ಇದೇನಮ್ಮ ಅನ್ಯಾಯ ಎಂದು ಒಮ್ಮೆ ಕೇಳಿದ್ದೆ. “ಹಸೂನೂ ನಾನೂ ಒಂದೇ ಹೊತ್ತಿಗೆ ಏಳ್ತೀವಿ, ಒಂದೇ ಹೊತ್ತಿಗೆ ಮಲಗ್ತೀವಿ, ಬೇರೆ ಬೇರೆ ಮಾತು ಯಾಕೆ ದಂಡ?” ಎಂದು ಸಗಣಿ ಬಾಚುತ್ತಲೇ ಹೇಳಿದ್ದಳು. ನಾನು ಕನ್ನಡ ಎಂ.ಎ. ಮಾಡಲು ಇದೂ ಒಂದು ಕಾರಣ. ನನ್ನ ಗಂಡ ಮಾಲೂರಿನ ಲಕ್ಕೂರು ಕಡೆ ಫ್ಯಾಕ್ಟರಿಯಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವನನ್ನು ನಾನು ಹೆಸರು ಹಿಡಿದು ಕೂಗುತ್ತೇನೆ, ಏಕವಚನದಲ್ಲಿ ಜಗಳ ಆಡುತ್ತೇನೆ. ಅಮ್ಮ ಕಿವಿ ಮುಚ್ಚಿಕೊಳ್ಳುತ್ತಾಳೆ.

ಹಾಗಾಗಿ ಹಾಳೆಯನ್ನು ಅಮ್ಮನ ಕೈಗಿಟ್ಟ ದಿನದಿಂದ ಮನೆಯಲ್ಲಿ ಯುದ್ಧ. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅಮ್ಮ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದಳು. ಎದುರಿಗೆ ಕೂರಿಸಿ ಹೇಳಿಸಿದರೆ ಕಂಬವನ್ನು ನೋಡಿಕೊಂಡು, “ಇವರು ಏಳ್ಬೇಕಂತೆ, ಕೂತ್ಕೋಬೇಕಂತೆ, ಮಾತಿನ ಡಾಕ್ಟರು ಹೇಳಿದಾರಂತೆ” ಎಂದು ಒಪ್ಪಿಸಿದಳು. ಅಪ್ಪ ಕಂಬವನ್ನೇ ನೋಡಿದ.

“ಅಂತೆ ಕಂತೆ ಬೇಡಮ್ಮ. ಮುಖ ನೋಡಿ ನೀನು ಅನ್ನು, ನುವ್ವು ಅನ್ನು. ಹೋಗ್ಲಿ, ಮೀರು ಅನ್ನು. ನೀವು ಅಂದ್ರೇನು ಗಂಟು ಹೋಗುತ್ತೆ?”

“ಮೀರು ಅನ್ನೋಕೆ ಅವರೇನು ಬ್ಯಾಂಕ್ ಮ್ಯಾನೇಜರಾ?”

“ಹಾಗಾದ್ರೆ ನುವ್ವು.”

ಅಮ್ಮ ಎದ್ದು ಹೋದಳು. ಹಿಂದೆಯೇ ಹೋದೆ. ಒಲೆ ಮುಂದೆ ಕೂತವಳ ಬೆನ್ನ ಹಿಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ನಾಚಿಕೆಯೇ ನಿನಗೆ ದೊಡ್ಡದು, ಅವನ ಮಾತಲ್ಲ ಅಂದೆ. ದಿನಗಳು ಜಾರಿಹೋಗ್ತಾ ಇವೆ, ಆಮೇಲೆ ಅತ್ತರೆ ಬರಲ್ಲ ಅಂದೆ. ಕೊನೆಗೆ, ಅವನು ಜೀವನಪೂರ್ತಿ ಮೂಗನಾಗಿ ಉಳಿದರೆ ಅದಕ್ಕೆ ನೀನೇ ಕಾರಣ ಅಂದುಬಿಟ್ಟೆ. ಆಗ ಹೇಳಿ ಮುಗಿಸಿದ ನೆಮ್ಮದಿಯೇ ಇತ್ತು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು.

ಮಾರನೇ ದಿನ ಭಾನುವಾರ. ಅಮ್ಮ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ಯಾಕೋ ಬೀರುವಿನಿಂದ ಒಗೆದ ಸೀರೆ ತೆಗೆದು ಉಟ್ಟು ಬಂದಳು. ಅಪ್ಪ ಮಂಚದ ಮೇಲೆ ಮಲಗಿದ್ದ. ಪಕ್ಕದಲ್ಲಿ ಸ್ಟೂಲಿನ ಮೇಲೆ ಮುದ್ದೆ, ಸೊಪ್ಪಿನ ಸಾರು. ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು ಮಂಚದ ಪಕ್ಕ ನಿಂತಳು. ಅವನ ಮುಖವನ್ನೇ ನೋಡಿದಳು. ಬಾಯಿ ಎರಡು ಸಲ ತೆರೆದು ಮುಚ್ಚಿತು.

“ಲೆಯ್ಯಿ,” ಅಂದಳು. ಏಳು. “ನುವ್ವು ಕೂಚೋ. ನುವ್ವು ತಿನು.” ನೀನು ಕೂತ್ಕೋ, ನೀನು ತಿನ್ನು.

ದನಿ ಎಲ್ಲೋ ಮೇಲಕ್ಕೆ ಹೋಗಿ ಎಳೆದ ಹಾಗೆ ಬಂತು. ಅಭ್ಯಾಸವಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಗೆದ್ದೆ ಅನ್ನಿಸಿತು. ಅಪ್ಪ ಏಳಲಿಲ್ಲ. ಅಮ್ಮನನ್ನು ನೋಡಿದ, ಅವಳ ಸೀರೆ ನೋಡಿದ, ಬಾಗಿಲಲ್ಲಿದ್ದ ನನ್ನನ್ನು ನೋಡಿದ. ಎಡಗೈಯನ್ನು ಎದೆ ಮೇಲಿಟ್ಟುಕೊಂಡ. ಆಮೇಲೆ ಅದೇ ಕೈಯಿಂದ ತನ್ನ ತೊಡೆಯನ್ನು ಚಿವುಟಿಕೊಂಡ. ಕಣ್ಣಿಂದ ನೀರು ಹರಿದು ಕಿವಿಯ ಕಡೆ ಇಳಿಯಿತು. ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಅವತ್ತು ಊಟ ಮಾಡಲಿಲ್ಲ. ಮಾರನೇ ದಿನ ನಾನು ತಿನ್ನಿಸಿದರೆ ಎರಡು ತುತ್ತು. ಹಾಳೆ ಹಿಡಿದು ಕೂತರೆ ಬಾಯಿ ತೆರೆಯಲಿಲ್ಲ. ‘ಬರ್ತಾ’ ಕೂಡ ಹೋಯಿತು. ಲಾಭ, ರೆಂಡು, ಮೂಡು ಅನ್ನಿಸಲು ನೋಡಿದೆ, ಅದೂ ಇಲ್ಲ. ಅವನಿಗೆ ಇನ್ನೊಮ್ಮೆ ಲಕ್ವ ಹೊಡೆಯಿತೇ ಎಂದು ನನಗೆ ಜೀವ ಹೋದಂತಾಯಿತು. ಸ್ಕೂಲಿಗೆ ರಜೆ ಹಾಕಿ ಕೋಲಾರಕ್ಕೆ ಕರೆದೊಯ್ದೆ. ಪರೀಕ್ಷೆ ಮಾಡಿದರು. ಹೊಸದಾಗಿ ಏನೂ ಆಗಿಲ್ಲ, ಮನಸ್ಸಿಗೆ ಏನೋ ಆಗಿದೆ, ಮನೆಯಲ್ಲಿ ಏನಾಯಿತು ಎಂದು ಆ ಹುಡುಗಿ ಕೇಳಿದಳು. ಏನೂ ಇಲ್ಲ, ನೀವು ಹೇಳಿದ ಹಾಗೇ ಮಾಡಿದ್ದೇವೆ ಎಂದೆ. ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದೆ.

ಮನೆಗೆ ಬಂದರೆ ಅಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ನಾನು ಮತ್ತೆ ಶುರು ಮಾಡಿದೆ. ಒಂದೇ ದಿನ ಹೇಳಿ ಬಿಟ್ಟರೆ ಆಗಲ್ಲ, ನಾಳೆಯಿಂದ ಮೂರು ಹೊತ್ತೂ ಹೇಳಬೇಕು ಅಂದೆ. ಅಮ್ಮ ತಲೆಯೆತ್ತಿದಳು. ಅಷ್ಟು ಸುಸ್ತಾದ ಮುಖ ನಾನು ಯಾವತ್ತೂ ನೋಡಿರಲಿಲ್ಲ.

“ಪೆದ್ದಮ್ಮ ಅವತ್ತು ಏನೇನಂದ್ಲು, ಜ್ಞಾಪಕ ಇದೆಯೇನೇ ನಿಂಗೆ?”

ಪೆದ್ದಮ್ಮ ಅಂದರೆ ಗೌನಿಪಲ್ಲಿಯಲ್ಲಿದ್ದ ನನ್ನ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ‘ಅವತ್ತು’ ಅಂದರೆ ದೊಡ್ಡಪ್ಪ ತೀರಿಕೊಂಡ ದಿನ. ನಾನಾಗ ಆರನೇ ಕ್ಲಾಸು. ದೊಡ್ಡಪ್ಪನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ದೊಡ್ಡಮ್ಮನೂ ಅಮ್ಮನ ಹಾಗೇ, ಗಂಡನ ಮುಂದೆ ಗಾಳಿಗೆ ಗೋಡೆಗೆ ಮಾತಾಡಿದವಳು. ಅವತ್ತು ಅವಳನ್ನು ಸ್ನಾನ ಮಾಡಿಸಿ, ಹಣೆಗಿಟ್ಟು, ಒಳ್ಳೆಯ ಸೀರೆ ಉಡಿಸಿ ಕರೆತಂದು ಎದುರಿಗೆ ನಿಲ್ಲಿಸಿದರು. ಎಲೆಯಲ್ಲಿ ಅನ್ನ, ಮುದ್ದೆ ಇಟ್ಟಿದ್ದರು. ದೊಡ್ಡಮ್ಮ ಗಂಡನ ಮುಖವನ್ನು ನೆಟ್ಟಗೆ ನೋಡಿ, ಎಳೆದ ದನಿಯಲ್ಲಿ ಹಾಡಿ ಅತ್ತಳು. ಲೆಯ್ಯಿ, ನುವ್ವು ಲೇಚಿ ಕೂಚೋ, ಒಕ್ಕ ಮುದ್ದ ತಿನು, ನನ್ನಿಡ್ಸಿ ಪೋತಿವಾ. ಏಳು, ಎದ್ದು ಕೂತ್ಕೋ, ಒಂದು ತುತ್ತು ತಿನ್ನು, ನನ್ನ ಬಿಟ್ಟು ಹೋದೆಯಾ. ಬದುಕಿನುದ್ದಕ್ಕೂ ಬಾಯಿಗೆ ಬಾರದಿದ್ದ ‘ನುವ್ವು’ ಅವತ್ತು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ನಮ್ಮ ಕಡೆ ಹೆಂಗಸರು ಗಂಡನನ್ನು ನೇರವಾಗಿ ಮಾತಾಡಿಸುವುದು ಆ ಒಂದು ದಿನ. ಅವತ್ತು ತಡೆಯುವವರಿಲ್ಲ, ಕೇಳಿಸಿಕೊಳ್ಳಬೇಕಾದವನೂ ಇಲ್ಲ.

ನಾನದನ್ನು ನೋಡಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಳೆ ಹಿಡಿದು ನಿಂತಿದ್ದೆ.

“ಆ ಮಾತು ಒಂದೇ ಸಲ ಆಡೋದು ಕಣೇ,” ಅಂದಳು ಅಮ್ಮ. “ಅದಕ್ಕೆ ಬೇರೆ ರಾಗ ನಂಗೆ ಗೊತ್ತಿಲ್ಲ. ಬಾಯಿ ತೆಗೆದ್ರೆ ಅದೇ ಬಂತು. ಅವರೂ ಅಣ್ಣನ ಪಕ್ಕ ನಿಂತು ಅದನ್ನ ಕೇಳಿದೋರೇ. ಕಣ್ಣು ಬಿಟ್ಕೊಂಡು ಮಲಗಿರೋರ ಮುಂದೆ ಆಡ್ಬಿಟ್ಟೆನಲ್ಲೇ. ತಾನು ಹೋಗಿದೀನೋ ಇದೀನೋ ಅಂತ ಚಿವುಟಿ ನೋಡ್ಕೊಂಡ್ರು. ನೋಡಿದ್ಯಾ ಇಲ್ವಾ ನೀನು?”

ನೋಡಿದ್ದೆ. ನಾನು ಅಲ್ಲೇ ಸಗಣಿ ಮೆತ್ತಿದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ. ಅವಳಿಗೆ ನನ್ನ ಮೇಲೆ ಕೋಪವಿತ್ತು, ಇರಬೇಕಾದ್ದೇ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹಸುವಿಗೆ ಹುಲ್ಲು ಹಾಕಿದಳು. ನಾನು ಒಳಗೆ ಹೋಗಿ ಕ್ಯಾಲೆಂಡರಿನ ಹಿಂದಿದ್ದ ಹಾಳೆಯನ್ನು ಕಿತ್ತು ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಅಪ್ಪನ ಮುಂದೆ ಕೂತು ತಪ್ಪಾಯಿತು ನಾಯ್ನಾ ಅಂದೆ. ಅವನು ಗೋಡೆ ಬಿಟ್ಟು ತಿರುಗಲಿಲ್ಲ.

ಮುಂದಿನ ಎರಡು ದಿನ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಸ್ಕೂಲಿನಲ್ಲಿ ಸುಮ್ಮನೆ ಮಕ್ಕಳ ಮೇಲೆ ರೇಗಿದೆ. ಯಾರೋ ‘ಅವರು ಬಂದನು’ ಬರೆದಿದ್ದರು, ಪೆನ್ನು ಮುಚ್ಚಿ ಹಾಗೇ ಬಿಟ್ಟೆ. ಮನೆಯಲ್ಲಿ ಅಮ್ಮ ತುಟಿ ಹೊಲಿದುಕೊಂಡವಳಂತೆ ಓಡಾಡಿದಳು. ನೀರು ಕಾದರೂ ಹೇಳುತ್ತಿರಲಿಲ್ಲ, ಅನ್ನ ಬೆಂದರೂ ಹೇಳುತ್ತಿರಲಿಲ್ಲ. ಆ ಮಾತು ಆಡಿಬಿಟ್ಟ ಬಾಯಿಂದ ಮಿಕ್ಕಿದ್ದನ್ನು ಆಡುವುದು ಹೇಗೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲವೇನೋ. ಮನೆ ಮೊದಲ ಬಾರಿಗೆ ಮೂಕವಾಯಿತು.

ಮೂರನೇ ದಿನ ಬೆಳಿಗ್ಗೆ ಮೋಡ. ಬಚ್ಚಲ ಒಲೆಗೆ ಹಾಕಿದ ಮಾವಿನ ಸೌದೆ ಹಸಿಯಾಗಿತ್ತು, ಮನೆಯೆಲ್ಲ ಹೊಗೆ. ನಾನು ಟಿಫಿನ್ ಡಬ್ಬಿ ಕಟ್ಟುತ್ತಿದ್ದೆ. ಅಮ್ಮ ರೂಢಿಯ ಮೇಲೆ, ಮರೆತೇ ಇರಬೇಕು, ಒಲೆ ಮುಂದೆ ನಿಂತು “ನೀಳ್ಳು…” ಎಂದು ಶುರು ಮಾಡಿದಳು. ಹೊಗೆ ಗಂಟಲಿಗೆ ಹೊಕ್ಕು ಕೆಮ್ಮು ಬಂತು. ಕೆಮ್ಮಿದಳು, ಕೆಮ್ಮಿದಳು, ಮಾತು ಅರ್ಧಕ್ಕೇ ನಿಂತಿತು.

“ಕಾಗಿನಾಯಿ,” ಎಂದಿತು ಒಳಗಿನ ದನಿ.

ಡಬ್ಬಿ ನನ್ನ ಕೈಯಿಂದ ಬಿತ್ತು. ಅಪ್ಪನ ದನಿ. ಬಾಲ ಸಮೇತ, ಬಹುವಚನ ಸಮೇತ, ಇಡೀ ಕ್ರಿಯಾಪದ. ಹೋಗಿ ನೋಡಿದರೆ ಮಂಚದ ಮೇಲೆ ಎದ್ದು ಕೂತು ಟವೆಲ್ಲಿಗೆ ಕೈ ಚಾಚುತ್ತಿದ್ದ. ತಾನು ಏನು ಮಾಡಿದೆ ಎಂದು ಅವನಿಗೇ ಗೊತ್ತಿದ್ದಂತಿರಲಿಲ್ಲ. ನಾನು ಕುಣಿದಾಡಿ, ಇನ್ನೊಂದು ಸಲ ಅನ್ನು ನಾಯ್ನಾ, ಇನ್ನೊಂದು ಸಲ, ಎಂದು ಗಂಟುಬಿದ್ದೆ. ಒಂದಕ್ಷರ ಬರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು, ಹೊಗೆಗೋ ಇನ್ನೇತಕ್ಕೋ, ನನ್ನ ತೋಳು ಹಿಡಿದು ಹೊರಗೆಳೆದಳು. “ಸುಮ್ನಿರೇ, ಬಸ್ ಹೋಗುತ್ತೆ ನಿಂಗೆ” ಅಂದಳು.

ಅವತ್ತಿನಿಂದ ಅಮ್ಮನಿಗೆ ಎಲ್ಲಿಲ್ಲದ ಕೆಮ್ಮು. ‘ಪಾಲು…’, ಹಾಲು, ಎಂದು ಕೆಮ್ಮುವಳು. ಒಳಗಿನಿಂದ ‘ಪೊಂಗಿನಾಯಿ’, ಉಕ್ಕಿವೆ, ಎಂದು ಬರುತ್ತಿತ್ತು. ‘ಅನ್ನಂ…’ ಎಂದು ಕೆಮ್ಮುವಳು. ‘ಕರೆಂಟು…’ ಎಂದು ಕೆಮ್ಮುವಳು. ಕೆಲವು ಸಲ ಉತ್ತರ ಬರುತ್ತಿರಲಿಲ್ಲ. ಆಗ ಅಮ್ಮ ತಾನೇ ಮುಗಿಸಿ ಹಸುವಿಗೆ “ಇವತ್ತು ಯಾಕೋ ಬೇಜಾರಿನಲ್ಲಿದಾರೆ” ಅನ್ನುತ್ತಿದ್ದಳು. ಮುಂದಿನ ಗುರುವಾರ ನಾನು ಆ ಡಾಕ್ಟರ್ ಹುಡುಗಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವಳು ಸಾಲು ಬಿಡದೆ ಬರೆದುಕೊಂಡಳು. ಆಮೇಲೆ, “ನಿಮ್ಮ ತಾಯಿ ಮಾಡ್ತಿರೋದೇ ಸರಿ ಮೇಡಂ, ನೀವು ನಡುವೆ ಹೋಗ್ಬೇಡಿ” ಅಂದಳು. ನಡುವೆ ಹೋಗದೆ ಇರುವುದು ನನಗೆ ಎಷ್ಟು ಕಷ್ಟವೆಂದು ಅವಳಿಗೇನು ಗೊತ್ತು. ನಾನು ಬಾಗಿಲ ಹಿಂದೆ ನಿಂತು ಬೆರಳು ಕಚ್ಚಿಕೊಳ್ಳುತ್ತಿದ್ದೆ.

ಮೊದಲು ನೀರು, ಹಾಲು, ಅನ್ನ, ಕರೆಂಟು. ಆಮೇಲೆ ಹಸು. ಒಂದು ಸಂಜೆ ಜಗಲಿಯಲ್ಲಿ ಕೂತಿದ್ದವನು ತಾನಾಗಿಯೇ “ವಚ್ಚಿಂದಿ” ಅಂದ. ನೋಡಿದರೆ ಹಸುವಿನ ಹಗ್ಗ ಹಿಡಿದು ಅಮ್ಮ ಬರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. “ಯಾರು ನಾಯ್ನಾ, ಹಸುವಾ, ಅಮ್ಮನಾ?” ಎಂದು ಕೇಳಿದೆ. ಅಪ್ಪ ಇಬ್ಬರನ್ನೂ ನೋಡಿ ನಕ್ಕ. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು, ಎಡ ತುಟಿಯಿಂದ ಮಾತ್ರ. ಚಿಕ್ಕಂದಿನಲ್ಲಿ ಅನ್ಯಾಯವೆಂದು ಜಗಳವಾಡಿದ್ದ ಅದೇ ಮಾತಿಗೆ ನಾನವತ್ತು ಕೈ ಮುಗಿದೆ.

ಈಗ ಅಪ್ಪ ಮಾತಾಡುತ್ತಾನೆ. ಮಂಡಿಯ ಮಾತಲ್ಲ, ಮನೆಯ ಮಾತು. ‘ಬಂದಿದೆ’, ‘ಹೋಗಿದೆ’, ‘ಆಗಿವೆ’, ಇಷ್ಟು ಸರಾಗ. ನನಗೆ ‘ಪೋಯಿರಾ’, ಹೋಗಿ ಬಾ, ಅನ್ನುವಷ್ಟು ಬಂದಿದೆ. ಅಮ್ಮನಿಗೆ ಏನಾದರೂ ಹೇಳುವುದಿದ್ದರೆ ಹಸುವಿಗೆ ಹೇಳುತ್ತಾನೆ. ಮೊನ್ನೆ ಅಮ್ಮ ಜ್ವರವೆಂದು ಮಲಗಿದ್ದಳು. ಕೋಲೂರಿಕೊಂಡು ಬಚ್ಚಲಿಗೆ ಹೋಗಿ, ಒಂದೇ ಕೈಯಲ್ಲಿ ಸೌದೆ ತುರುಕಿ, ಅವನೇ ಒಲೆ ಹೊತ್ತಿಸಿದ. ಗಂಟಲು ಸರಿಮಾಡಿಕೊಂಡು ಹಳೆಯ ಹರಾಜಿನ ದನಿಯಲ್ಲಿ, ಅದರಲ್ಲಿ ಉಳಿದದ್ದೆಷ್ಟೋ ಅಷ್ಟರಲ್ಲಿ, “ನೀಳ್ಳು ಕಾಗಿನಾಯಿ” ಎಂದು ಕೂಗಿದ. ಅಮ್ಮ ಜ್ವರದಲ್ಲೇ ಎದ್ದು ಟವೆಲ್ಲು ತೆಗೆದುಕೊಂಡಳು.

ಸ್ನಾನ ಮಾಡಿ ಬಂದವಳ ತಲೆ ಒರೆಸುತ್ತಾ, ಅವತ್ತಿನದಕ್ಕೆ ನನ್ನ ಮೇಲೆ ಇನ್ನೂ ಕೋಪ ಇದೆಯಾ ಎಂದು ಕೇಳಿದೆ.

“ಕೋಪ ಎಲ್ಲಿಂದ ಬಂತು. ನಾನೇ ಮೊದಲು ಹೋಗ್ಬೇಕು ಅಂತ ದೇವರಿಗೆ ಹೇಳ್ಕೊಂಡಿದೀನಿ. ಆ ಮಾತು ಮತ್ತೆ ಆಡೋದು ತಪ್ಪುತ್ತೆ.”

ಅವಳು ಮೊದಲು ಹೋದರೆ ಅಪ್ಪನಿಗೆ ನೀರಿನ ಸುದ್ದಿ ಹೇಳುವವರು ಯಾರು ಎಂಬ ಪ್ರಶ್ನೆ ಬಾಯಿಯವರೆಗೆ ಬಂತು, ಕೇಳಲಿಲ್ಲ. ಯಾವುದು ಮೊದಲು ಆದರೂ ನನಗೆ ಬೇಡ. ಆದರೆ ನನ್ನನ್ನು ಕೇಳಿ ಆಗುವುದೇ?

ನನಗೆ ಕೂತಿರಲು ಬರುವುದಿಲ್ಲ ಎಂದೆನಲ್ಲ, ಈಗ ಅದಕ್ಕೆ ಇನ್ನೊಂದು ಸೇರಿದೆ. ಬೆಳಿಗ್ಗೆ ಎದ್ದ ಕೂಡಲೇ ಕಿವಿ ಬಚ್ಚಲ ಕಡೆಗೆ ಹೋಗುತ್ತದೆ. ಸೌದೆ ಮುರಿಯುವ ಸದ್ದು, ತಪ್ಪಲೆಯ ಸದ್ದು, ಅಮ್ಮನ ಹೆಜ್ಜೆ. ಅವಳು ಬಾಯಿ ತೆರೆಯುವ ಮೊದಲು ಒಂದು ಚೂರು ಹೊತ್ತು ನನ್ನ ಉಸಿರು ನಿಲ್ಲುತ್ತದೆ. ಬರುವುದು ನೀರಿನ ಸುದ್ದಿಯೋ, ಆ ಇನ್ನೊಂದು ಮಾತೋ. ಟಿಫಿನ್ ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತೇನೆ. ಬಸ್ಸು ತಪ್ಪಿದರೂ ಕಾಯುತ್ತೇನೆ. ಅಮ್ಮ “ನೀಳ್ಳು” ಎಂದು ಕೆಮ್ಮುತ್ತಾಳೆ, ಅಪ್ಪ “ಕಾಗಿನಾಯಿ” ಅನ್ನುತ್ತಾನೆ. ಆಮೇಲೆ ನಾನು ಸ್ಕೂಲಿಗೆ ಹೋಗುತ್ತೇನೆ.